ಬಿಸಿ ಬಟಾಟೆ, ಹಸಿ ಬಟಾಟೆ

ಕೋಥ್ರೂಡ್, ಪುಣೆ

ಪ್ರೀತಿಯ ಪುಟ್ಟನಿಗೆ ಮಾಮಾನ ಆಶೀರ್ವಾದಗಳು.

ಆವತ್ತು ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್‌ನಿಂದ ಹೊರಗೆ ಬರುವಾಗ ನೀನು ತುಟಿ ಪಿಟಕ್ಕೆನ್ನಲಿಲ್ಲ. ರಿಕ್ಷಾ ಹತ್ತಿದ ಮೇಲೆ, “ಮಾಮಾ, ಎರಡೂವರೆ ತಾಸು ಬಟಾಟೆ ತಿನ್ನೋದು ನೋಡಿದ್ವಿ” ಅಂದೆ. ಲೆಕ್ಕ ಸರಿಯೇ ಇದೆ. ಹಂಗೇರಿಯ ನಿರ್ದೇಶಕ ಬೇಲಾ ತಾರ್‌ನ ಚಿತ್ರ ‘ದಿ ಟ್ಯೂರಿನ್ ಹಾರ್ಸ್’, 2011ರದ್ದು, 146 ನಿಮಿಷ. ಅಷ್ಟು ಹೊತ್ತಿಗೂ ಸುಮಾರು 30 ಶಾಟ್ ಮಾತ್ರ, ಅಂದರೆ ನಡುವೆ ಕತ್ತರಿಸದೆ ತೆಗೆದ ಉದ್ದುದ್ದ ತುಣುಕುಗಳು. ಒಬ್ಬ ಮುದುಕ, ಮಗಳು, ಹಠ ಹಿಡಿದ ಕುದುರೆ, ನಿಲ್ಲದ ಗಾಳಿ.

ಮೊದಲ ಸಲ ನಾನೂ ನಿದ್ದೆ ಹೋಗಿದ್ದೆ. ಎಚ್ಚರಾದಾಗಲೂ ಅದೇ ಗಾಳಿ! ನಿದ್ದೆ ಬಂದರೆ ನಾಚಿಕೆ ಬೇಡ. ಆದರೆ ಫೋನ್ ತೆಗೆದು ಟೈಮ್ ನೋಡಬೇಡ. ನೀನು ನಾಲ್ಕು ಸಲ ನೋಡಿದೆ, ನಾನು ಎಣಿಸಿದ್ದೇನೆ.

ಜರ್ಮನ್ ತತ್ವಜ್ಞಾನಿ ನೀತ್ಶೆ 1889ರಲ್ಲಿ ಇಟಲಿಯ ಟ್ಯೂರಿನ್ ಊರಿನಲ್ಲಿ ಕುದುರೆಯ ಕತ್ತು ತಬ್ಬಿಕೊಂಡ ಕತೆ ಶುರುವಿನಲ್ಲೇ ಬರುತ್ತದಲ್ಲ, ಅದನ್ನೇ ಹಿಡಿದು ಅರ್ಥ ಹುಡುಕುತ್ತಾ ಕೂರಬೇಡ. ಸುಮ್ನೆ ಊಟ ನೋಡು. ಮೊದಲ ದಿನ ಕ್ಯಾಮೆರಾ ಅಪ್ಪನ ಮೇಲಿದೆ. ಅವನಿಗೆ ಸ್ವಾಧೀನ ಇರುವುದು ಒಂದೇ ಕೈ. ಸುಡುವ ಬಟಾಟೆಯ ಸಿಪ್ಪೆಯನ್ನು ಬೆರಳಲ್ಲೇ ಕಿತ್ತು, ಊದಿ ಊದಿ, ಗಬಗಬ ತಿಂದು ಎದ್ದುಬಿಡುತ್ತಾನೆ. ಮರುದಿನ ಅದೇ ಮೇಜು, ಅದೇ ಉಪ್ಪು. ಕ್ಯಾಮೆರಾ ಮಾತ್ರ ಮಗಳ ಕಡೆ. ಅವಳದು ಚೂರು ಚೂರೇ. ಆಮೇಲೆ ಬಾವಿ ಬತ್ತುತ್ತದೆ. ಕೊನೆಗೆ ದೀಪವೂ ಹತ್ತುವುದಿಲ್ಲ, ಒಲೆಯೂ ಹತ್ತುವುದಿಲ್ಲ. ತಟ್ಟೆಯಲ್ಲಿ ಹಸಿ ಬಟಾಟೆ. ಅಪ್ಪ ಕಚ್ಚಿದಾಗ ಕರಕ್ ಅನ್ನುತ್ತದೆ. ತಿನ್ನಬೇಕು ಅನ್ನುತ್ತಾನೆ. ಅವಳು ಮುಟ್ಟುವುದಿಲ್ಲ. ಆ ಮೊದಲ ದಿನದ ಹಬೆಯ ಮುಂದೆ ನೀನು ಕೂತಿದ್ದರೆ ತಾನೇ ಈ ಕರಕ್ ಕಿವಿಗೆ ಬೀಳೋದು? ಎರಡು ನಿಮಿಷದಲ್ಲಿ ತೋರಿಸಿದ್ದರೆ ಅದೊಂದು ಸುದ್ದಿಯಾಗುತ್ತಿತ್ತು, ಅಷ್ಟೇ.

ಧಾರವಾಡದಲ್ಲಿ ನಿನ್ನ ಅಜ್ಜಿಗೆ ಕೊನೆಯ ತಿಂಗಳು ನಾನೇ ಗಂಜಿ ಕುಡಿಸುತ್ತಿದ್ದೆ. ಒಂದು ಲೋಟಕ್ಕೆ ಮುಕ್ಕಾಲು ತಾಸು. ಊರಿಂದ ಫೋನ್ ಮಾಡಿದವರಿಗೆಲ್ಲ “ವಿಶೇಷ ಏನಿಲ್ಲ” ಅನ್ನುತ್ತಿದ್ದೆ. ಈಗ ನೆನಪಿರುವುದು ಆ ಲೋಟವೇ, ಅದರ ಅಂಚಿನ ತಗ್ಗು ಕೂಡ.

ಹಾಗಂತ ನಿಧಾನದ ಚಿತ್ರವೆಲ್ಲ ಒಳ್ಳೆಯದು ಅಂತಲ್ಲ. ಕೆಲವು ನೋಡಿದರೆ ಕ್ಯಾಮೆರಾ ಆಫ್ ಮಾಡೋದನ್ನ ಮರೆತಿದ್ದಾರೆ ಅನ್ನಿಸುತ್ತದೆ. ಅಂಥದ್ದಕ್ಕೆ ಧಾರಾಳವಾಗಿ ಎದ್ದು ಬಾ.

ಮುಂದಿನ ಸಲ ಬಂದಾಗ ಇನ್ನೊಂದು ನೋಡೋಣ. ಎರಡು ಪ್ಲೇಟ್ ಮಿಸಳ್ ತಿಂದು ಮಾತ್ರ ಬರಬೇಡ.

ಅಂದ ಹಾಗೆ, ಆ ರಾತ್ರಿ ನಿನ್ನ ಮಾಮಿ ಬಟಾಟೆ ಪಲ್ಯ ಮಾಡಿದ್ದಳು. ನೀನು ಮುಟ್ಟಲಿಲ್ಲ. ಅವಳಿಗೆ ಬೇಜಾರಾಯಿತು, ನನಗೆ ಆಗಲಿಲ್ಲ.

ನಿನ್ನ,
ಮಾಮಾ