ವರೋಶಾದವರಿಗೆ ಮನೆ ಬಾಗಿಲು ತೆರೆಯಲಿ

ಸೈಪ್ರಸ್‌ ದ್ವೀಪದ ವರೋಶಾ ಎಂಬ ಕಡಲತೀರದ ಬಡಾವಣೆಯ ಜನ ತಮ್ಮ ಮನೆಯನ್ನು ಇಂದಿಗೂ ಹಗ್ಗದಾಚೆ ನಿಂತು ನೋಡಿ ಬರಬೇಕು ಎಂಬ ವರದಿ ಓದಿ ಸಂಕಟವಾಯಿತು. 1974ರ ಆಗಸ್ಟ್‌ನಲ್ಲಿ ಟರ್ಕಿ ಸೇನೆ ಬಂದಾಗ ಉಟ್ಟ ಬಟ್ಟೆಯಲ್ಲೇ ಓಡಿದವರು ಇವರು. ಅಂದಿನಿಂದ ಸೇನೆ ಬೇಲಿ ಹಾಕಿ ಮುಚ್ಚಿಟ್ಟಿದ್ದ ಅಲ್ಲಿನ ಕೆಲವು ಬೀದಿಗಳನ್ನು 2020ರಲ್ಲಿ ತೆರೆದರು, ನಿಜ. ಬಾಲ್ಕನಿ ಕಂಬಿ ತುಕ್ಕು ಹಿಡಿದಿದೆ, ಗಿಡಗಂಟಿ ಬೆಳೆದು ಬಾಗಿಲನ್ನೇ ಮುಚ್ಚಿದೆ. ಅದರ ಮುಂದೆ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಹುಟ್ಟಿದ ಮನೆಯವರಿಗೆ ಎಷ್ಟು ನೋವಾಗಬೇಡ, ಅಲ್ವಾ? ಅಲ್ಲಿ ಮೂಲ ನಿವಾಸಿಗಳನ್ನು ಬಿಟ್ಟು ಬೇರೆಯವರು ನೆಲೆಸಕೂಡದು ಎಂದು ಭದ್ರತಾ ಮಂಡಳಿ 1984ರಲ್ಲೇ ಹೇಳಿದೆ.

ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಅಲ್ಲಿನ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರಲ್ಲಿ, ತೀರಿಕೊಂಡರು. ಆ ನಂಟಿಗಾದರೂ ಭಾರತ ವಿಶ್ವಸಂಸ್ಥೆಯಲ್ಲಿ ದನಿ ಎತ್ತಬೇಕು. ಮೊದಲು, ಮನೆಯವರು ಒಳಗೆ ಹೋಗಿ ಅಮ್ಮನ ಒಂದು ಪಾತ್ರೆಯನ್ನಾದರೂ ತಂದುಕೊಳ್ಳಲು ಬಿಡಲಿ.

– ಓದುಗರೊಬ್ಬರು, ಮಡಿಕೇರಿ