ಲೊಜ್ಬಾನ್‌ನಲ್ಲಿ ನಿಂತ ಕೆಲಸ ಬೇರೆ, ಮುಗಿದ ಕೆಲಸ ಬೇರೆ

ಸಂಪಾದಕರೇ,

ತಾನಾಗಿ ಬೆಳೆಯದೆ ಯಾರೋ ಕೂತು ಕಟ್ಟಿದ ಭಾಷೆಗಳ ಮಾತು ಬಂದರೆ ನಮ್ಮಲ್ಲಿ ಎಸ್ಪೆರಾಂಟೊ ಹೆಸರು ಹೇಳಿ ಸುಮ್ಮನಾಗುತ್ತಾರೆ. ಲೊಜ್ಬಾನ್ ಅಂದರಂತೂ ಅದು ಕಂಪ್ಯೂಟರಿನವರ ತರ್ಕದ ಆಟ ಅಂತ ತಳ್ಳಿಹಾಕುತ್ತಾರೆ. ಇದು ಸರಿಯಲ್ಲ. ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಕಟ್ಟಲು ಶುರು ಮಾಡಿದ ಭಾಷೆಯಾದ ಲೋಗ್ಲಾನ್‌ನಿಂದ ಕವಲೊಡೆದು 1987ರಲ್ಲಿ ಹುಟ್ಟಿದ ಈ ಭಾಷೆ ತರ್ಕದ ಮೇಲೆ ನಿಂತಿರುವುದು ನಿಜ. ಆದರೆ ನಾವು ದಿನಾ ಆಡುವ ಮಾತಿಗೆ ಬೇಕಾದ ಒಂದು ಸಂಗತಿಯನ್ನು, ಅಂದರೆ ಕೆಲಸ ಯಾವ ಹಂತದಲ್ಲಿದೆ ಅನ್ನೋದನ್ನು, ಅದು ಬಹಳ ಚೆನ್ನಾಗಿ ಹಿಡಿದಿದೆ.

ಲೊಜ್ಬಾನ್‌ನಲ್ಲಿ ಕಾಲ ಹೇಳಲೇಬೇಕು ಅಂತಿಲ್ಲ. 'ಮಿ ಕ್ಲಾಮ' ಅಂದರೆ ಹೋದೆ, ಹೋಗುತ್ತಿದ್ದೇನೆ, ಹೋಗುತ್ತೇನೆ, ಯಾವುದೂ ಆಗಬಹುದು. ಬೇಕಿದ್ದರೆ 'ಪು' ಸೇರಿಸಿ ಹಿಂದಕ್ಕೆ, 'ಬ' ಸೇರಿಸಿ ಮುಂದಕ್ಕೆ ಹಾಕಬಹುದು. ಕೆಲಸ ಯಾವ ಹಂತದಲ್ಲಿದೆ ಅನ್ನೋದಕ್ಕೆ ಬೇರೆಯೇ ಹತ್ತು ಪುಟ್ಟ ಪದಗಳಿವೆ. ಮನೆ ಕಟ್ಟುವುದನ್ನೇ ತೆಗೆದುಕೊಳ್ಳಿ. ಇನ್ನೇನು ಶುರುವಾಗಬೇಕು ಅನ್ನುವಾಗ 'ಪುಹೊ', ಶುರುವಾದಾಗ 'ಶೊಹ', ನಡೆಯುತ್ತಿದ್ದರೆ 'ಶಹೊ', ದುಡ್ಡು ಸಾಲದೆ ಸದ್ಯಕ್ಕೆ ನಿಂತರೆ 'ದೆಹ', ಮತ್ತೆ ಕೈಗೆತ್ತಿಕೊಂಡರೆ 'ದಿಹ'.

ನನಗೆ ಜಾಸ್ತಿ ಇಷ್ಟವಾಗಿದ್ದು ಕೊನೆಯ ಹಂತದ ಪದಗಳು. ಮನೆ ಪೂರ್ತಿಯಾಗಿ ಕೆಲಸ ಮುಗಿದರೆ 'ಮೊಹು'. ಪೂರ್ತಿಯಾಗಲಿ ಬಿಡಲಿ, ಕೆಲಸ ನಿಂತಿತು ಅನ್ನೋದಷ್ಟೇ ಹೇಳಬೇಕಾದರೆ 'ಶೊಹು'. ಸಹಜವಾಗಿ ಮುಗಿಯಬೇಕಾದ ಹಂತ ದಾಟಿದ ಮೇಲೂ ಇನ್ನೂ ಮಾಡುತ್ತಲೇ ಇದ್ದರೆ ಅದಕ್ಕೆ 'ಜ಼ಹೊ' ಅಂತ ಬೇರೆ ಪದವೇ ಇದೆ! ಹೊಟ್ಟೆ ತುಂಬಿದ ಮೇಲೂ ತಿನ್ನುತ್ತಿರುವುದು, ಹೇಳಬೇಕಾದ್ದು ಮುಗಿದ ಮೇಲೂ ಭಾಷಣ ಬಿಗಿಯುತ್ತಿರುವುದು, ಇವೆಲ್ಲ ಈ ಎರಡಕ್ಷರದಲ್ಲಿ ಬಂದುಬಿಡುತ್ತವೆ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರ ಕೆಲಸವನ್ನು ಆಟ ಅನ್ನಬಹುದಾ?

ಕೊರತೆಯೂ ಇದೆ, ಮುಚ್ಚಿಡಬೇಕಿಲ್ಲ. 'ಪು' ಹಿಂದಿನದ್ದು, ಆದರೆ 'ಪುಹೊ' ಇನ್ನೂ ನಡೆಯಬೇಕಾದ್ದು. 'ಬ' ಮುಂದಿನದ್ದು, ಆದರೆ 'ಬಹೊ' ಆಗಿಹೋದದ್ದು. ನಾವು ಘಟನೆಗಿಂತ ಮೊದಲು ನಿಂತಿದ್ದೇವೋ ಆಮೇಲೆ ನಿಂತಿದ್ದೇವೋ ಅಂತ ನೋಡಿದರೆ ಲೆಕ್ಕ ಸರಿಹೋಗುತ್ತದೆ, ಆದರೂ ಕಲಿಯುವವರು ಇಲ್ಲಿ ಎಡವುತ್ತಾರೆ. ಸಾಲದ್ದಕ್ಕೆ ಜಾನ್ ಕೋವನ್ ಅವರ 1997ರ ಲೊಜ್ಬಾನ್ ವ್ಯಾಕರಣ ಗ್ರಂಥದಲ್ಲಿ 'ಬಹೊ'ಗೆ ಪರ್ಫೆಕ್ಟಿವ್ ಅನ್ನೋ ಹೆಸರು ಕೊಟ್ಟಿದ್ದಾರೆ. ಭಾಷಾವಿಜ್ಞಾನಿಗಳು ಆ ಹೆಸರನ್ನು ಇಡೀ ಘಟನೆಯನ್ನು ಒಂದೇ ಬಿಂದುವಾಗಿ ನೋಡುವುದಕ್ಕೆ ಬಳಸುತ್ತಾರೆ. ಅದಕ್ಕೆ ಹತ್ತಿರವಾದ ಪದ 'ಶೊಹಿ', 'ಬಹೊ' ಅಲ್ಲ.

ಇದೆಲ್ಲ ನಮಗ್ಯಾಕೆ ಅಂತ ಕೇಳಬಹುದು. ತಿಂದ, ತಿಂದಿದ್ದಾನೆ, ತಿಂದುಬಿಟ್ಟ, ತಿನ್ನುತ್ತಲೇ ಇದ್ದಾನೆ: ಕನ್ನಡದಲ್ಲೂ ಈ ಭೇದ ಬೇಕಾದಷ್ಟಿದೆ ಅಲ್ವಾ? ಶಾಲೆಯಲ್ಲಿ ಮಾತ್ರ ಭೂತ, ವರ್ತಮಾನ, ಭವಿಷ್ಯತ್ ಅಂತ ಮೂರು ಕಾಲ ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ಕಾಲ ಬೇರೆ, ಹಂತ ಬೇರೆ ಅನ್ನೋದನ್ನು ಮಕ್ಕಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಲೊಜ್ಬಾನ್‌ನಲ್ಲಿ ಎರಡೂ ಬೇರೆ ಬೇರೆ ಪದಗಳಾಗಿಯೇ ಇರುವುದರಿಂದ ಅದನ್ನು ತೋರಿಸಿ ಕಲಿಸುವುದು ಸುಲಭ. ನಿಮ್ಮ ಪತ್ರಿಕೆಯಲ್ಲಿ ಭಾಷೆಯ ಬಗ್ಗೆ ಬರೆಯುವವರು ಒಮ್ಮೆ ಈ ಹತ್ತು ಪದಗಳನ್ನು ಕನ್ನಡದ ಉದಾಹರಣೆಗಳ ಜೊತೆ ಇಟ್ಟು ವಿವರಿಸಲಿ.

ಇಂತಿ,
ನಿಮ್ಮ ಓದುಗ