ಫಾರ್ಮ್ಯಾಟ್ ಮಾಡುವ ಮೊದಲು ನಕಲು ತೆಗೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದುಗರೊಬ್ಬರು ಕೇಳಿದ ಪ್ರಶ್ನೆ ಓದಿದೆ. ಮನೆಯವರ ಫೋಟೋ, ವಿಡಿಯೋ ತುಂಬಿಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯವಾಗುತ್ತದೆ, ಏನು ಮಾಡಲಿ ಎಂದು ಅವರು ಕೇಳಿದ್ದರು. ವಿಂಡೋಸಿನಲ್ಲೇ ಬರುವ, ಡಿಸ್ಕಿನ ದೋಷ ತಿದ್ದುವ ಚೆಕ್‌ಡಿಸ್ಕ್ ಓಡಿಸಿ, ಸರಿಹೋಗದಿದ್ದರೆ ಫಾರ್ಮ್ಯಾಟ್ ಮಾಡಿ ಎಂಬ ಉತ್ತರ ಅಚ್ಚಾಗಿದೆ. ಕಂಪ್ಯೂಟರ್ ರಿಪೇರಿಯೇ ನನ್ನ ಕಸುಬು. ಈ ಉತ್ತರ ನಂಬಿದವರು ಏನೇನು ಕಳೆದುಕೊಳ್ಳಬಹುದು ಎಂದು ನೆನೆದರೆ ಸುಮ್ನೆ ಕೂರಲು ಮನಸ್ಸು ಬರಲಿಲ್ಲ. ದಯವಿಟ್ಟು ಬೇಗ ಒಂದು ತಿದ್ದುಪಡಿ ಹಾಕಿ.

ಚೆಕ್‌ಡಿಸ್ಕ್ ರಿಪೇರಿಗೆ ಇಳಿದರೆ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಲೆಕ್ಕಕ್ಕೆ ತಾಳೆಯಾಗದ್ದನ್ನು ಕಿತ್ತುಹಾಕುತ್ತದೆ. ಡಿಸ್ಕ್ ಗಟ್ಟಿಯಾಗಿದ್ದರೆ ಇದರಿಂದ ಉಪಕಾರವೇ. ಓದಲಿಕ್ಕೇ ಒದ್ದಾಡುತ್ತಿರುವ ಡಿಸ್ಕಿನಲ್ಲಿ ಮಾತ್ರ, ಇದ್ದ ಫೋಲ್ಡರುಗಳೂ ಹೆಸರಿಲ್ಲದ ತುಂಡುಗಳಾಗಿ ಚೆಲ್ಲಾಪಿಲ್ಲಿಯಾಗಬಹುದು. ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೂ ಹೂಂ ಅನ್ನಬೇಡಿ. ಅಲ್ಲಿರುವುದು ವಿಂಡೋಸಿಗೆ ಓದಲು ಬರುತ್ತಿಲ್ಲ, ಅಷ್ಟೇ. ಫೈಲುಗಳು ಬಹಳ ಸಲ ಇದ್ದಲ್ಲೇ ಇರುತ್ತವೆ.

ಆ ಓದುಗರು ಹೇಳಿದ ಲಕ್ಷಣ ನೋಡಿದರೆ ನನಗೆ ಮೊದಲ ಅನುಮಾನ ಕೇಬಲ್ ಮೇಲೆ. ಡಬ್ಬಿಯೊಳಗೆ ಇರುವುದು ಮಾಮೂಲಿ ಹಾರ್ಡ್ ಡಿಸ್ಕ್, ಜೊತೆಗೆ ಅದನ್ನು ಯುಎಸ್‌ಬಿಗೆ ಹೊಂದಿಸುವ ಒಂದು ಪುಟ್ಟ ಬೋರ್ಡ್. ಕೇಬಲ್, ಬೋರ್ಡ್, ಕರೆಂಟು, ಯಾವುದು ಕೈಕೊಟ್ಟರೂ ಡಿಸ್ಕೇ ಸತ್ತಂತೆ ಕಾಣುತ್ತದೆ. ಯುಎಸ್‌ಬಿ 2.0 ಪೋರ್ಟಿನ ಲೆಕ್ಕ 500 ಮಿಲಿಆಂಪಿಯರ್, 3.0ಕ್ಕೆ 900. ಚಿಕ್ಕ 2.5 ಇಂಚಿನ ಡಿಸ್ಕಿನ ಮೋಟಾರು ತಿರುಗಲು ಶುರುವಾಗುವ ಗಳಿಗೆಯಲ್ಲಿ ಇದಕ್ಕಿಂತ ಜಾಸ್ತಿ ಎಳೆಯುವುದುಂಟು. ಅಂಥದ್ದನ್ನು ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್‌ಗೆ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ) ಚುಚ್ಚಿದರೆ ಅದು ತಿರುಗಲಾರದೆ ಬೀಪ್ ಬೀಪ್ ಅನ್ನಬಹುದು. ಬೇರೆ ಗಿಡ್ಡ ಕೇಬಲ್ ತಂದು, ಕಂಪ್ಯೂಟರಿನ ಪೋರ್ಟಿಗೇ ನೇರವಾಗಿ ಹಾಕಿ ನೋಡಿ. ದೊಡ್ಡ 3.5 ಇಂಚಿನದಾದರೆ ಅದರ 12 ವೋಲ್ಟ್ ಅಡಾಪ್ಟರನ್ನೂ ಬದಲಿಸಿ ನೋಡಬೇಕು.

ಈಚೆಗೆ ಒಬ್ಬ ತಾಯಿ ಇಂಥದ್ದೇ ಡಿಸ್ಕ್ ತಂದಿದ್ದರು. ಅಗಲವಾದ ಚಪ್ಪಟೆ ಮೂತಿಯ ಕೇಬಲ್ ಬರುತ್ತದಲ್ಲ, ಅದು. ಮೂತಿಯ ಹತ್ತಿರ ಬೆರಳು ತಾಗಿದರೆ ಸಾಕು, ಡಬ್ಬಿಯ ದೀಪ ಆರುತ್ತಿತ್ತು. ಬೇರೆ ಕೇಬಲ್ ಹಾಕಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆರೆದೆ. ಅದರಲ್ಲಿ 5, 197, 198 ನಂಬರಿನ ಸಾಲುಗಳು ಮೂರೂ ಸೊನ್ನೆ. ಮಗುವಿನ ಫೋಟೋ ಎಲ್ಲ ಇದ್ದಲ್ಲೇ ಇದ್ದವು. ಅವರು ಅದನ್ನು ಫಾರ್ಮ್ಯಾಟ್ ಮಾಡಿ ತಂದಿದ್ದರೆ ನಾನು ಏನು ಹೇಳಬೇಕಿತ್ತು?

ಆ ನಂಬರುಗಳನ್ನು ಎಲ್ಲರೂ ಗುರುತಿಟ್ಟುಕೊಳ್ಳಬೇಕು. ವರದಿಯಲ್ಲಿ ಅವು ಹದಿನಾರರ ಲೆಕ್ಕದಲ್ಲಿ 05, ಸಿ5, ಸಿ6 ಎಂದು ಕಾಣಬಹುದು. 5 ಎಂದರೆ ಕೆಟ್ಟ ಜಾಗ ಬಿಟ್ಟು ಮೀಸಲು ಜಾಗಕ್ಕೆ ಸರಿದ ಸೆಕ್ಟರುಗಳು (ಡೇಟಾ ಬರೆಯುವ ಚಿಕ್ಕ ಚಿಕ್ಕ ತುಂಡುಗಳು). 197 ಎಂದರೆ ಓದಲಾಗದೆ ಬಾಕಿ ಉಳಿದವು. 198 ಎಂದರೆ ಪರೀಕ್ಷೆಯಲ್ಲಿ ಸರಿಪಡಿಸಲಾಗದವು. ಡೇಟಾ ಸಾಗುವಾಗಿನ ದೋಷ ಎಣಿಸುವ 199 ಏರುತ್ತಿದ್ದರೆ ಡಬ್ಬಿಯೊಳಗೆ ಡಿಸ್ಕಿಗೂ ಬೋರ್ಡಿಗೂ ನಡುವಿನ ಜೋಡಣೆ ನೋಡಬೇಕು. ತನ್ನ ಡಿಸ್ಕುಗಳ ಬಗ್ಗೆ ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಸಿಗುವ ದೋಷ) ಕಂಡ ಡಿಸ್ಕುಗಳು 60 ದಿನದೊಳಗೆ ಕೆಡುವ ಸಾಧ್ಯತೆ ದೋಷವಿಲ್ಲದವಕ್ಕಿಂತ 39 ಪಟ್ಟು ಇತ್ತು. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಜಾಸ್ತಿ ಡಿಸ್ಕುಗಳಲ್ಲಿ ನಾಲ್ಕು ಮುಖ್ಯ ಸ್ಮಾರ್ಟ್ ಸೂಚನೆಗಳಲ್ಲಿ ಒಂದೂ ಕಂಡಿರಲಿಲ್ಲ. ಹಾಗಾಗಿ ವರದಿ ಚೆನ್ನಾಗಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ.

ಇನ್ನು ಸದ್ದು. ತಿರುಗುತ್ತಿರುವ ಡಿಸ್ಕನ್ನು ಎತ್ತಿ ಕಿವಿಗೆ ಹಿಡಿಯಬೇಡಿ. ಮೇಜಿನ ಮೇಲೆಯೇ ಬಿಟ್ಟು ಕಿವಿಯನ್ನು ಹತ್ತಿರ ಒಯ್ಯಿರಿ, ಡಬ್ಬಿಗೆ ಬೆರಳ ತುದಿ ತಾಗಿಸಿ. ಸಣ್ಣಗೆ ಒಂದೇ ಸಮನೆ ನಡುಕ ಇದ್ದರೆ ಮೋಟಾರು ತಿರುಗುತ್ತಿದೆ. ಟಕ್... ಟಕ್... ಟಕ್ ಎಂದು ತಾಳ ಹಾಕಿದಂತೆ ಬಡಿದು ನಿಂತುಹೋದರೆ, ಓದುವ ಹೆಡ್ಡಿಗೆ ತನ್ನ ಜಾಗ ಸಿಗುತ್ತಿಲ್ಲ. ತಕ್ಷಣ ಕೇಬಲ್ ಕಿತ್ತುಬಿಡಿ. ನಿಮಿಷಕ್ಕೆ 5400 ಸುತ್ತು ಸುತ್ತುವ ತಟ್ಟೆಯ ಮೇಲೆ, ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ಆ ಹೆಡ್ ತೇಲುತ್ತಿರುತ್ತದೆ. ಅದು ಕೆಟ್ಟಿದ್ದರೆ ಓಡಿದಷ್ಟೂ ತಟ್ಟೆ ಕೆರೆದುಹೋಗಬಹುದು. ಈ ಹಂತದಲ್ಲಿ ಯಾವ ಸಾಫ್ಟ್‌ವೇರಿನಿಂದಲೂ ಪ್ರಯೋಜನವಿಲ್ಲ. ಡೇಟಾ ತೆಗೆಯುವ ಲ್ಯಾಬಿಗೇ ಕೊಡಬೇಕು. ಕೆಲವರು ಮಾಡುವಂತೆ ಫ್ರೀಜರಿನಲ್ಲಿಟ್ಟರೆ ತೇವ ಕೂರುತ್ತದೆ, ಮುಚ್ಚಳ ಬಿಚ್ಚಿದರೆ ಧೂಳು. ಅದೇ ಮಾಡೆಲಿನ ಇನ್ನೊಂದರ ಸರ್ಕ್ಯೂಟ್ ಬೋರ್ಡ್ ತಂದು ಕೂರಿಸುವವರೂ ಇದ್ದಾರೆ. ಆಯಾ ಡಿಸ್ಕಿಗಷ್ಟೇ ಹೊಂದುವ ಸೆಟ್ಟಿಂಗುಗಳು ಬೋರ್ಡಿನ ಚಿಪ್ಪಿನಲ್ಲಿರುತ್ತವೆ, ಸುಮ್ಮನೆ ಬದಲಿಸಿದರೆ ನಡೆಯದು.

ಬಡಿತವಿಲ್ಲ, ಆದರೆ ಕಾಪಿ ಮಾಡುವಾಗ ನಡುವೆ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲೇ ಬಚಾವು ಮಾಡಬಹುದಾದ್ದು ಇಂಥದ್ದು. ವಿಂಡೋಸಿನ ಬದಲಿಗೆ ಬಳಸುವ ಲಿನಕ್ಸಿನಲ್ಲಿ, ಕೆಡುತ್ತಿರುವ ಡಿಸ್ಕನ್ನು ಹೊಸ ಡಿಸ್ಕಿಗೆ ಇಡಿಯಾಗಿ ನಕಲು ಮಾಡುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಸಲೀಸಾಗಿ ಓದಬರುವ ಭಾಗವನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಕಷ್ಟದ ಜಾಗ ಹಾರಿಸಿ ಮುಂದೆ ಹೋಗುತ್ತದೆ, ಆಮೇಲೆ ತಿರುಗಿ ಬಂದು ಅಲ್ಲಿ ಪ್ರಯತ್ನಿಸುತ್ತದೆ. ಎಲ್ಲಿವರೆಗೆ ಆಯಿತೆಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಬಹುದು. ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಎಂದು ಆಜ್ಞೆ ಕೊಡುವ ಮುನ್ನ ಎರಡೆರಡು ಸಲ ನೋಡಿ. ಅದಲುಬದಲಾದರೆ ಎಲ್ಲವೂ ಅಳಿಸಿಹೋಗುತ್ತದೆ. ನಕಲು ಕೈಗೆ ಬಂದ ಮೇಲೆ, ಕಳೆದದ್ದನ್ನು ಹುಡುಕಿಕೊಡುವ ಟೆಸ್ಟ್‌ಡಿಸ್ಕ್, ಫೋಟೋರೆಕ್, ಬೇಕಿದ್ದರೆ ಚೆಕ್‌ಡಿಸ್ಕ್ ಕೂಡ ಆ ನಕಲಿನ ಮೇಲೆ ಓಡಿಸಿ. ಡಿಸ್ಕನ್ನು ಡಬ್ಬಿಯಿಂದ ಬಿಚ್ಚಿದವರು ಯುಎಸ್‌ಬಿಯ ಆ ಪುಟ್ಟ ಬೋರ್ಡನ್ನು ಎಸೆಯಬೇಡಿ. ಕೆಲವು ಮಾಡೆಲುಗಳಲ್ಲಿ ಡೇಟಾಗೆ ಬೀಗ ಹಾಕಿ ತೆಗೆಯುವುದು ಅದೇ.

ಇಷ್ಟೆಲ್ಲ ಪಾಡು ಬರುವುದು ಫೋಟೋ ಆ ಡಿಸ್ಕಿನಲ್ಲಿ ಮಾತ್ರ ಉಳಿದಿದ್ದಾಗ. ಫೋನಿನಲ್ಲಿ ಜಾಗವಿಲ್ಲವೆಂದು ಡಿಸ್ಕಿಗೆ ಸಾಗಿಸಿ ಫೋನಿನಿಂದ ಅಳಿಸಿದರೆ ಉಳಿದದ್ದು ಒಂದೇ ಪ್ರತಿ ಅಲ್ವಾ? ಅದನ್ನು ಬ್ಯಾಕಪ್ ಎನ್ನಲಾಗದು. ಫೋಟೋಗ್ರಾಫರ್ ಪೀಟರ್ ಕ್ರೋಗ್ ಹೇಳಿಕೊಟ್ಟ 3-2-1 ಲೆಕ್ಕ ಮನೆಗೂ ಸರಿಹೊಂದುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ನನ್ನ ಬಳಿ ಬರುವವರಿಗೆ ನಾನು ಇನ್ನೊಂದನ್ನೂ ಸೇರಿಸಿ ಹೇಳುತ್ತೇನೆ. ಆಗಾಗ ಬ್ಯಾಕಪ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಹಳೆಯ ಫೋಟೋ ಕೆಲವನ್ನು ದೊಡ್ಡದು ಮಾಡಿ ನೋಡಿ, ಒಂದು ವಿಡಿಯೋವನ್ನು ಕೊನೆಯವರೆಗೂ ಓಡಿಸಿ. ನಡುವೆ ನಿಂತರೆ ಅವತ್ತೇ ಹೊಸ ಡಿಸ್ಕಿಗೆ ನಕಲು ಶುರುಮಾಡಿ.

ಇಂತಿ,
ಕಂಪ್ಯೂಟರ್ ರಿಪೇರಿ ಕಸುಬಿನ ನಿಮ್ಮ ಓದುಗ